ಮಗ್ಗದ ಕುಣಿ ಮುಚ್ಚಿದ ದಿನ

ರಬಕವಿಯ ತಾರವ್ವನ ಬಾಡಿಗೆ ಖೋಲಿ ಅಂದು ಖಾಲಿಯಾಗುವುದಿತ್ತು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲೆ ತೆರೆದ ಹೊಸ ಸಾಲೆಗೆ ಜಮಖಂಡಿಯಿಂದ ಒಬ್ಬ ಮಾಸ್ತರರು ವರ್ಗವಾಗಿ ಬರುವವರಿದ್ದರು. ಮರುದಿನವೇ ಅವರ ಸಾಮಾನು ಬರುವುದಿತ್ತು. ತಾರವ್ವ ಗೋಡೆಯ ಬಿರುಕುಗಳಿಗೆ ಮಣ್ಣು ಮೆತ್ತಿ, ಸುಣ್ಣ ಬಳಿದು ಮುಗಿಸಿದ್ದಳು. ಉಳಿದದ್ದು ನೆಲದ ನಡುವಿನ ಕುಣಿ. ಅಲ್ಲಿ ಬಾಡಿಗೆಗಿದ್ದ ಭೀಮಪ್ಪ, ಕಾಲು ಇಳಿಬಿಟ್ಟು ಕೂತು ನೇಯಲೆಂದು ಮಗ್ಗದ ಬುಡದಲ್ಲಿ ತೋಡಿಕೊಂಡದ್ದು ಅದು.

ಶ್ರಾವಣದಲ್ಲಿ ಅವನ ಹೆಂಡತಿ ಲಗಮವ್ವ ಜ್ವರ ಬಂದು ತೀರಿಕೊಂಡಳು. ಆಮೇಲೆ ಮಗ್ಗ ಸದ್ದು ಮಾಡಲಿಲ್ಲ. ಅದನ್ನು ಬಿಚ್ಚಿ ಅಣ್ಣನ ಮಗನಿಗೆ ಕೊಟ್ಟು, ಭೀಮಪ್ಪ ಮಹಾಲಿಂಗಪುರದ ತಂಗಿಯ ಮನೆಗೆ ಹೊರಟಿದ್ದ. ಅಲ್ಲೊಂದು ಬೆಲ್ಲದ ಅಂಗಡಿಯಲ್ಲಿ ಕೆಲಸ ಗೊತ್ತಾಗಿತ್ತು.

ಕುಣಿ ಮುಚ್ಚಲು ಆಳು ಹಚ್ಚುತ್ತೇನೆಂದು ತಾರವ್ವ ಅಂದರೆ ಅವನು ಒಪ್ಪಲಿಲ್ಲ. “ನಾ ತೋಡಿದ್ದು ಅಕ್ಕಾರ, ನಾನಽ ಮುಚ್ಚತೇನ್ರಿ.”

ಬುಟ್ಟಿ ಬುಟ್ಟಿ ಮಣ್ಣು ಹೊತ್ತು ತಂದು ರಾಶಿ ಹಾಕಿದ. ಸುರಿಯುವ ಹೊತ್ತಿಗೆ ಮಾತ್ರ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತೇಬಿಟ್ಟ. ತಡವಾಯಿತೆಂದು ಗದರಲು ಬಂದ ತಾರವ್ವ ಅವನ ಮುಖ ನೋಡಿ ತಾನೂ ಪಕ್ಕದಲ್ಲಿ ಕೂತಳು.

“ತೋಡಿದ ಮ್ಯಾಲ ಮೊದಲ ಇಳದಾಕಿ ಆಕಿನಽ ರಿ,” ಎಂದ ಭೀಮಪ್ಪ. “‘ನನಗ ಸೊಂಟದತನಾ ಬಂತು, ನಿನ್ನ ಕಾಲಿಗೆ ಸಾಲೂದಿಲ್ಲ, ಇನ್ನೊಂದೀಟ ತೋಡು’ ಅಂದ್ಲು. ಮ್ಯಾಲ ಹತ್ತಾಕ ಬರಲಾರದ ಒಳಗಽ ನಕ್ಕೊಂತ ನಿಂತಿದ್ಲು.”

ತಾರವ್ವ ಎದ್ದು ಬುಟ್ಟಿಗೆ ಮಣ್ಣು ತುಂಬಿಕೊಂಡು, “ಒಂದ ಬುಟ್ಟಿ ನಾ ಹಾಕತೇನಿ, ಒಂದ ನೀ ಹಾಕು,” ಎಂದಳು.

ಹಾಗೆಯೇ ಇಬ್ಬರೂ ಹಾಕಿದರು. ನೀರು ಚಿಮುಕಿಸಿ, ಕೊರಡಿನಿಂದ ಬಡಿದು ನೆಲ ಸಮ ಮಾಡಿದರು. ಸೆಗಣಿ ಕಲಸಿ ಸಾರಿಸಲು ತಾರವ್ವ ಸೀರೆ ಎತ್ತಿ ಕಟ್ಟಿದಾಗ ಭೀಮಪ್ಪ ಸೆಗಣಿಯ ಬುಟ್ಟಿ ತನ್ನ ಕಡೆ ಎಳೆದುಕೊಂಡ.

“ಇದನ್ನೂ ನಾನಽ ಮಾಡತೇನ್ರಿ. ಹೆಂಗಂತ ಹೇಳ್ರಿ. ಆಕಿ ದಿನಾ ಸಾರಸ್ತಿದ್ಲು, ನಾ ಒಮ್ಮೆರೆ ಸರಿಯಾಗಿ ನೋಡಲಿಲ್ಲ.”

“ನೀರ ಭಾಳ ಆತು ನೋಡು. ಅಂಗೈ ಬಾಗಸು. ಬಾಗಲಾ ಕಡೆ ಹಿಂದ ಸರಕೋಂತ ಬಾ.”

ಕುಣಿ ಇದ್ದ ಜಾಗವಷ್ಟೇ ಸಾಲದೆಂದು ಅವನು ಇಡೀ ಖೋಲಿಯನ್ನೇ ಸಾರಿಸಿದ. ಗೆರೆಗಳು ಅಡ್ಡಾದಿಡ್ಡಿ ಬಂದವು. ತಾರವ್ವ ತಿದ್ದಲು ಹೋಗಲಿಲ್ಲ. ಹೊಸ್ತಿಲು ದಾಟಿ, ಬೆನ್ನು ನೆಟ್ಟಗೆ ಮಾಡಿ ಒಳಗೆ ನೋಡಿದ ಭೀಮಪ್ಪ ಹಾಗೇ ನಿಂತ. ಅವನ ರುಮಾಲು, ಅಂಗಿ, ಬಟ್ಟೆಯ ಗಂಟು ಎಲ್ಲವೂ ಆಚೆ ಮೂಲೆಯಲ್ಲಿದ್ದವು. ನಡುವೆ ಹಸಿ ನೆಲ.

“ಬಸ್ಸ ಬರೂ ಹೊತ್ತಾತಲ್ರೀ ಅಕ್ಕಾರ,” ಎಂದು ಅವನು ಪೇಚಾಡಿದ.

“ಹಸಿ ನೆಲಾ ತುಳದೀ ನೋಡ ಮತ್ತ,” ಎನ್ನುತ್ತಲೇ ತಾರವ್ವನಿಗೆ ನಗು ತಡೆಯಲಾಗಲಿಲ್ಲ. ಭೀಮಪ್ಪ ಮೊದಲು ಮುಗುಳ್ನಕ್ಕ. ಆಮೇಲೆ ಸೆಗಣಿಯ ಕೈ ಎತ್ತಿ ಹಿಡಿದುಕೊಂಡೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಬಸ್ಸು ಹೋಯಿತು. ತಾರವ್ವ ಕಟ್ಟೆಯ ಮೇಲೆ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟಳು. ನೆಲ ಒಣಗುವ ತನಕ ಅವನು ಲಗಮವ್ವನ ಮಾತನ್ನೇ ಆಡಿದ: ಅವಳು ನೂಲು ಸುತ್ತುವಾಗ ಹಾಡುತ್ತಿದ್ದದ್ದು, ಮುನಿಸಿಕೊಂಡರೆ ಚಹಾಕ್ಕೆ ಸಕ್ಕರೆ ಹಾಕದೆ ಕೊಡುತ್ತಿದ್ದದ್ದು. ಅವಳ ಹೆಸರು ಅವನ ಬಾಯಲ್ಲಿ ಇಷ್ಟು ಸಲೀಸಾಗಿ ಬಂದದ್ದನ್ನು ತಾರವ್ವ ಎಷ್ಟೋ ದಿನದ ಮೇಲೆ ಕೇಳುತ್ತಿದ್ದಳು.

“ಇನ್ನೊಂದ ರೊಟ್ಟಿ ಹಾಕ್ರಿ,” ಎಂದು ಅವನೇ ಕೈ ಮುಂದೆ ಮಾಡಿದ.