ಕೊಳೆ ಬಾಗಿಲಿನ ಶಾಟ್

“ನಿನ್ನ ಚಿತ್ರೋತ್ಸವಕ್ಕಿಷ್ಟು ಬೆಂಕಿ ಬೀಳ! ಹನ್ನೊಂದು ಜನಕ್ಕೆ ಮಾತು ಕೊಟ್ಟವಳು ನಾನು, ಅವರಲ್ಲ.”

“ಮೆಲ್ಲಗೆ ಮಾತಾಡಕ್ಕ, ಪಕ್ಕದ ಮನೆಗೆ ಕೇಳುತ್ತೆ.”

“ಕೇಳಲಿ ಬಿಡು. ಬಾಗಿಲು ಹಾಕ್ಕೊಂಡು ಒಳಗೇ ಕೂತು ಅವರಿಗೂ ಬೇಜಾರಾಗಿರುತ್ತೆ.”

ತಮ್ಮ ಫೋನನ್ನು ಮತ್ತೊಮ್ಮೆ ನನ್ನ ಮೂಗಿನ ಹತ್ತಿರ ತಂದ. ಅದರಲ್ಲಿದ್ದ ಪತ್ರ ಬೆಳಗಿನಿಂದ ಓದಿ ಓದಿ ನನಗೆ ಬಾಯಿಪಾಠವಾಗಿತ್ತು. ಸಾಂಕ್ರಾಮಿಕ ರೋಗದ ಕಾರಣ ಈ ವರ್ಷದ ಚಿತ್ರೋತ್ಸವ ರದ್ದು. ಆಯ್ಕೆಯಾದ ಚಿತ್ರಗಳನ್ನು ಮುಂದಿನ ವರ್ಷ ತೋರಿಸುತ್ತಾರಂತೆ. ಅದಕ್ಕೆ ಎರಡು ಷರತ್ತು. ಅಲ್ಲಿಯವರೆಗೆ ಚಿತ್ರವನ್ನು ಎಲ್ಲೂ ಸಾರ್ವಜನಿಕವಾಗಿ ತೋರಿಸಕೂಡದು. ಕಳಿಸಿದ ಪ್ರತಿಯಲ್ಲಿ ಒಂದು ಚೂರನ್ನೂ ಬದಲಾಯಿಸಕೂಡದು.

“ಒಂದು ವರ್ಷ ತಾನೇ? ಕಾಯೋಕೇನು ಕಷ್ಟ?” ಅಂದ ತಮ್ಮ.

ಅವನಿಗೆ ಹೇಗೆ ಹೇಳುವುದು? ನಾನು ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ತೊಳೆಯುವವಳು. ಇಪ್ಪತ್ತೆರಡು ವರ್ಷವಾಯಿತು. ಊರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳಿಗೆ ಸಿನಿಮಾ ತೆಗೆಯುವ ಹುಚ್ಚು ಹೇಗೆ ಹಿಡಿಯಿತೆಂದು ಜನ ಕೇಳುತ್ತಾರೆ. ಸಿಟ್ಟಿನಿಂದ ಹಿಡಿಯಿತು. ಡಾಕ್ಟರರ ಮೇಲೆ ಸಿನಿಮಾ ಇದೆ, ನರ್ಸುಗಳ ಮೇಲೆ ಇದೆ, ಹೆಣದ ಮೇಲೂ ಇದೆ. ಹೆಣಕ್ಕೆ ಹೊದಿಸಿದ ಬಟ್ಟೆ ಒಗೆದವರ ಮೇಲೆ ಒಂದಾದರೂ ಇದೆಯೇ? ನಾನೇ ತೆಗೆಯುತ್ತೇನೆಂದು ಹೊರಟೆ. ನನ್ನ ಪಾಳಿ ಶುರುವಾಗುವ ಮೊದಲು ದಿನಾ ಅರ್ಧ ಗಂಟೆ, ಎರಡು ವರ್ಷ, ಫೋನಿನಲ್ಲೇ ತೆಗೆದೆ.

ಜೊತೆಯವರು ಮೊದಲು ಸುತರಾಂ ಒಪ್ಪಲಿಲ್ಲ. “ಈ ಟೋಪಿ ಹಾಕ್ಕೊಂಡ ಮುಖಾನ ಊರೆಲ್ಲಾ ನೋಡಬೇಕಾ?” ಎಂದು ಇಸ್ತ್ರಿಯಕ್ಕ ಬೆನ್ನು ತಿರುಗಿಸಿ ನಿಂತಳು. ಬಟ್ಟೆ ಗಾಡಿ ತಳ್ಳುವ ಗಾಡಿಯಣ್ಣ ಒಂದು ವಾರ ನನ್ನೊಡನೆ ಮಾತೇ ಬಿಟ್ಟ. ಆಗ ಮಾತು ಕೊಟ್ಟೆ: “ಮೊದಲು ನೀವು ನೋಡ್ತೀರಿ. ಆಮೇಲೆ ಲೋಕ ನೋಡುತ್ತೆ.” ಆ ಒಂದೇ ಮಾತಿಗೆ ಹನ್ನೊಂದು ಜನರೂ ಒಪ್ಪಿದರು.

ಅದನ್ನೆಲ್ಲ ಇಪ್ಪತ್ತೈದು ನಿಮಿಷಕ್ಕೆ ಕತ್ತರಿಸಿ ಜೋಡಿಸಿದವನು ತಮ್ಮ. ಮದುವೆ ವಿಡಿಯೊ ಮಾಡುವ ಸ್ಟುಡಿಯೊದಲ್ಲಿ ಹದಿಮೂರು ವರ್ಷದಿಂದ ಗಂಡು ಹೆಣ್ಣಿನ ತಲೆಯ ಮೇಲೆ ಕಂಪ್ಯೂಟರಿನ ಹೂ ಸುರಿಸಿ ಸುರಿಸಿ ಅವನಿಗೆ ಸಾಕಾಗಿಹೋಗಿತ್ತು. ಕೈ ಮಾತ್ರ ಬಂಗಾರದ್ದು. ಈ ಸಿನಿಮಾವನ್ನು ಚಿತ್ರೋತ್ಸವದಲ್ಲಿ ನಾಲ್ಕು ಜನ ತಿಳಿದವರು ನೋಡಿದರೆ ತನ್ನ ಹಣೆಬರಹ ಬದಲಾಗುತ್ತದೆ ಎಂದು ನಂಬಿದ್ದ. ನಾನೂ ನಂಬಿದ್ದೆ. ಅದು ಸುಳ್ಳಲ್ಲ.

“ಮುಂದಿನ ವರ್ಷ ತೋರಿಸೋಣ ಅಂತೀಯ. ಹನ್ನೊಂದರಲ್ಲಿ ಇಬ್ಬರು ಆಗಲೇ ನಮ್ಮ ಆಸ್ಪತ್ರೆಯ ನಾಲ್ಕನೇ ಮಹಡೀಲಿ ಜ್ವರ ಬಂದು ಮಲಗಿದ್ದಾರೆ,” ಎಂದೆ. “ಮುಂದಿನ ವರ್ಷ ಯಾರಿಗೆ ತೋರಿಸ್ತೀಯ? ಗೋಡೆಗಾ?”

ಅವನು ಅಡುಗೆಮನೆಗೆ ಹೋಗಿ ಎರಡು ಲೋಟ ನೀರು ಕುಡಿದು ಬಂದ.

“ಸರಿ, ಅವರಿಗೆ ಈಗಲೇ ತೋರಿಸೋಣ. ಆದರೆ ನಿಮ್ಮ ಜನ ಬಿಟ್ಟು ಒಂದು ನೊಣಾನೂ ಇರಕೂಡದು. ಎಲ್ಲರ ಫೋನೂ ಒಂದು ಬುಟ್ಟೀಲಿ ಹಾಕಿಸು. ಯಾರಾದರೂ ಒಂದು ತುಣುಕು ಹಿಡಿದು ಹರಿಯಬಿಟ್ಟರೂ ನಾನು ಮುಗಿದೆ.”

“ಆಯ್ತಪ್ಪ. ನೊಣಕ್ಕೂ ಪಾಸ್ ಇಲ್ಲದೆ ಒಳಗೆ ಬಿಡಲ್ಲ.”

ದಿನಾ ಮಧ್ಯಾಹ್ನ ಮೂರಕ್ಕೆ ಮೊದಲ ಪಾಳಿ ಮುಗಿದು, ನಾಲ್ಕಕ್ಕೆ ಎರಡನೆಯದು ಶುರುವಾಗುತ್ತದೆ. ನಡುವಿನ ಒಂದು ಗಂಟೆ ಯಂತ್ರಗಳು ತಣ್ಣಗಾಗಲು. ನಮ್ಮ ಮೇಲಧಿಕಾರಿಗಳನ್ನು ಕಾಡಿಬೇಡಿ ಗುರುವಾರದ ಆ ಗಂಟೆಯನ್ನು ಪಡೆದೆ. ತಮ್ಮ ಮೂಗಿಗೆ ಕಡ್ಡಿ ಹಾಕಿಸಿಕೊಂಡು, ರೋಗವಿಲ್ಲವೆಂಬ ಚೀಟಿ ಹಿಡಿದು, ಸ್ಟುಡಿಯೊದಲ್ಲಿ ಧೂಳು ತಿನ್ನುತ್ತಿದ್ದ ಪ್ರೊಜೆಕ್ಟರನ್ನು ತಬ್ಬಿಕೊಂಡು ಹಿಂದಿನ ಗೇಟಿನಿಂದ ಬಂದ.

ಬಟ್ಟೆ ಮಡಿಸುವ ಕೋಣೆಯ ಸೂರಿನ ಹತ್ತಿರದ ಸಣ್ಣ ಕಿಟಕಿಗಳಿಗೆ ಕಂಬಳಿ ಕಟ್ಟಿದೆವು. ತೆರೆಗೆ ದೊಡ್ಡದೊಂದು ಬಿಳಿ ಹಾಸು. ಅದನ್ನು ಕಟ್ಟಿದ ಮೇಲೆ ಇಸ್ತ್ರಿಯಕ್ಕ ದೂರ ನಿಂತು ನೋಡಿ, ಸುಕ್ಕಿದೆ ಎಂದು ಬಿಚ್ಚಿಸಿದಳು. ಇಸ್ತ್ರಿ ಮಾಡಿ ಮತ್ತೆ ಕಟ್ಟಿಸಿದಳು. ಮತ್ತೆ ಬಿಚ್ಚಿಸಿದಳು.

“ಅಕ್ಕಾ, ಸಿನಿಮಾ ನೋಡೋದಾ, ಸುಕ್ಕು ನೋಡೋದಾ?” ತಮ್ಮ ಕೇಳಿದ.

“ನಾನಿರೋ ಸಿನಿಮಾದಲ್ಲಿ ನನ್ನ ಮುಖದ ಸುಕ್ಕೇ ಸಾಕು. ಬಟ್ಟೇದೂ ಬೇಡ.”

ಒಂಬತ್ತು ಜನ ದೂರ ದೂರ ಸ್ಟೂಲು ಹಾಕಿಕೊಂಡು ಕೂತರು. ಎಲ್ಲರ ಮುಖಕ್ಕೂ ಮಾಸ್ಕು. ಹಾಸಿನ ನಡುವೆ ಆಸ್ಪತ್ರೆಯ ಮುದ್ರೆ ಇತ್ತು. ಹಿಂದು ಮುಂದು ಮಾಡಿ ಕಟ್ಟಿದರೂ ಬೆಳಕಿಗೆ ಕಾಣುತ್ತಿತ್ತು. ಯಾರ ಮುಖ ಬಂದರೂ ಹಣೆಯ ಮೇಲೆ ಮುದ್ರೆ. “ಬಟ್ಟೆ ಥರ ನಮಗೂ ಮುದ್ರೆ ಒತ್ತಿ, ಎಣಿಸಿ ಒಳಗೆ ತಗೊಂಡ್ರು ನೋಡು,” ಎಂದಳು ಇಸ್ತ್ರಿಯಕ್ಕ. ಎಲ್ಲರೂ ನಕ್ಕರು. ಆಮೇಲೆ ನಗು ನಿಂತಿತು. ಚಿತ್ರದಲ್ಲಿ ಮೊದಲ ಪಾಳಿಯ ಗಂಟೆ, ಚೀಲ ಬಿಚ್ಚುವ ಕೈಗಳು, ನೊರೆ, ಹಬೆ. ಜ್ವರದಲ್ಲಿ ಮಲಗಿದ್ದ ಇಬ್ಬರು ತೆರೆಯ ಮೇಲೆ ಬಂದು ಒಬ್ಬರಿಗೊಬ್ಬರು ನೀರು ಚಿಮುಕಿಸಿದಾಗ ಇಸ್ತ್ರಿಯಕ್ಕ ಸ್ಟೂಲನ್ನು ತೆರೆಯ ಹತ್ತಿರಕ್ಕೆ ಎಳೆದುಕೊಂಡಳು. ತಮ್ಮನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ತಲೆಯಾಡಿಸಿದೆ. ಅವನೂ ಕಣ್ಣಲ್ಲೇ ನಕ್ಕ.

ಕೊನೆಯ ದೃಶ್ಯ ಬಂತು. ಮಡಿಸಿದ ಬಿಳಿ ಹಾಸುಗಳು ಒಂದರ ಮೇಲೊಂದು ಏರುತ್ತವೆ. ಗಾಡಿ ತುಂಬುತ್ತದೆ. ಗಾಡಿಯಣ್ಣ ಅದನ್ನು ತಳ್ಳಿಕೊಂಡು ಹಸಿರು ಬಾಗಿಲು ದಾಟಿ, ಇಳಿಜಾರು ಹತ್ತಿ, ಬೆಳಗಿನ ಬಿಸಿಲಿನೊಳಗೆ ಹೋಗಿಬಿಡುತ್ತಾನೆ. ಅಲ್ಲಿ ತಮ್ಮ ಸಣ್ಣಗೆ ಒಂದು ಸಂಗೀತ ಹಾಕಿದ್ದ.

“ನಿಲ್ಲಿಸು!”

ಕೂಗಿದ್ದು ಗಾಡಿಯಣ್ಣ. ಜನ್ಮದಲ್ಲಿ ದನಿಯೆತ್ತದ ಮನುಷ್ಯ. ಸ್ಟೂಲು ಉರುಳಿಸಿಕೊಂಡು ಎದ್ದು ನಿಂತಿದ್ದ.

“ಅದು ಕೊಳೆ ಬಾಗಿಲು!”

ಆಗ ನಾನೂ ಬಾಗಿಲು ನೋಡಿದೆ.

ನಮ್ಮ ವಿಭಾಗದ ನಡುವೆ ಒಂದು ಗೋಡೆಯಿದೆ. ಅದರ ಈಚೆ ಕೊಳೆ, ಆಚೆ ಶುಚಿ. ಯಂತ್ರಗಳು ಗೋಡೆಯೊಳಗೇ ಕೂತಿವೆ; ಈಚೆಯಿಂದ ತುಂಬಿದ ಕೊಳೆ ಬಟ್ಟೆಯನ್ನು ಒಗೆದ ಮೇಲೆ ಆಚೆಯಿಂದ ತೆಗೆಯುತ್ತೇವೆ. ಹಸಿರು ಬಾಗಿಲು ಕೊಳೆಯ ಕಡೆಯದು. ಅದರಿಂದ ಹೊರಗೆ ಹೋಗುವುದು ಕೊಳೆ ಇಳಿಸಿದ ಬರಿಗಾಡಿ, ಮೇಲೊಂದು ಬಿಳಿ ಬಟ್ಟೆ ಮುಚ್ಚಿಕೊಂಡು. ಒಗೆದ ಬಟ್ಟೆಯ ಗಾಡಿ ಹೋಗುವುದು ಶುಚಿ ಬಾಗಿಲಿನಿಂದ, ಕತ್ತಲೆ ಓಣಿಯಲ್ಲಿ, ಲಿಫ್ಟಿಗೆ. ಅಲ್ಲಿ ಬಿಸಿಲಿಲ್ಲ, ಟ್ಯೂಬ್‌ಲೈಟು ಕೂಡ ಸರಿಯಾಗಿ ಉರಿಯುವುದಿಲ್ಲ. ಅದಕ್ಕೇ ತಮ್ಮ ಅಲ್ಲಿನ ಶಾಟ್ ಬಿಟ್ಟು, ನಾನು ಯಾವತ್ತೋ ತೆಗೆದ ಬರಿಗಾಡಿಯ ಶಾಟನ್ನು ತಂದು ಒಗೆದ ಬಟ್ಟೆಯ ಹಿಂದೆ ಅಂಟಿಸಿದ್ದ. ಇದನ್ನು ನಾನು ಮೂವತ್ತು ಸಲ ನೋಡಿದ್ದೆ. ಮೂವತ್ತು ಸಲವೂ ಆ ಸಂಗೀತ ಬಂದಾಗ ಕಣ್ಣೊರೆಸಿಕೊಂಡಿದ್ದೆ. ಇಪ್ಪತ್ತೆರಡು ವರ್ಷ ಆ ಬಾಗಿಲ ಪಕ್ಕ ನಿಂತು ದುಡಿದವಳಿಗೆ ಬಾಗಿಲೇ ಕಾಣಲಿಲ್ಲ. ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸಿತು.

“ನಾನು ಒಗೆದ ಬಟ್ಟೇನ ಕೊಳೆ ಬಾಗಿಲಲ್ಲಿ ತಗೊಂಡು ಹೋದೆನಾ?” ಗಾಡಿಯಣ್ಣ ಕೇಳಿದ. “ಯಾವತ್ತಾದರೂ ಹೋಗಿದ್ದೀನಾ? ಹೇಳಿ!”

“ಇಲ್ಲಣ್ಣ, ಅದು ಸಿನಿಮಾ,” ತಮ್ಮ ಸಮಾಧಾನದ ದನಿಯಲ್ಲಿ ಹೇಳಿದ. “ನೋಡೋರಿಗೆ ಅದು ಬರೀ ಬಾಗಿಲು. ಆ ಬೆಳಕು ನೋಡಿ, ನೀವು ಎಷ್ಟು ಚೆನ್ನಾಗಿ ಕಾಣ್ತೀರಿ.”

“ಆಸ್ಪತ್ರೆ ಕೆಲಸ ಗೊತ್ತಿರೋರು ನೋಡಲ್ವಾ? ಮೇಲೆ ಮಲಗಿರೋ ಆ ಇಬ್ಬರು ನೋಡಲ್ವಾ? ಅವರು ಈಗ ಹೊದ್ದಿರೋದು ನಾನು ಕೊಟ್ಟು ಬಂದ ಬಟ್ಟೆ ಕಣಪ್ಪ.”

“ನಮ್ಮ ಬೀದಿ ಅಂಗಡಿಯವನು ನನ್ನ ನೆರಳು ಕಂಡರೆ ಹಿಂದೆ ಸರೀತಾನೆ,” ಎಂದಳು ಇಸ್ತ್ರಿಯಕ್ಕ. “ರೋಗ ನಮ್ಮ ಬಟ್ಟೆಯಿಂದಲೇ ಬರುತ್ತೆ ಅಂತ ಮೊದಲೇ ಆಡ್ಕೋತಾರೆ. ಇನ್ನು ಇದನ್ನ ತೋರಿಸಿಬಿಟ್ಟರೆ ಮುಗೀತು.”

ಎಲ್ಲರೂ ಒಟ್ಟಿಗೆ ಬಾಯಿ ಹಾಕಿದರು. ತೆರೆಯ ಮೇಲೆ ಗಾಡಿಯಣ್ಣ ಅರ್ಧ ಬಾಗಿಲಲ್ಲಿ, ಬಿಸಿಲಿನಲ್ಲಿ, ಹಾಗೇ ನಿಂತಿದ್ದ.

“ಆ ಶಾಟ್ ತೆಗೆ,” ಎಂದೆ ತಮ್ಮನಿಗೆ.

ಅವನು ನನ್ನನ್ನೇ ನೋಡಿದ. “ಪತ್ರ ಓದಿದ್ದೀಯಲ್ಲ? ಒಂದು ಚೂರು ಬದಲಾದರೂ ಆಯ್ಕೆ ಹೋಗುತ್ತೆ.”

“ಬರೆದು ಕೇಳೋಣ.”

“ಕೇಳಿದರೆ, ಏನು ತಪ್ಪಾಗಿತ್ತು ಅಂತ ಅವರು ಕೇಳ್ತಾರೆ. ಎಡಿಟಿಂಗ್ ತಪ್ಪು ಅಂತ ಬರೀತೀಯಾ? ನನ್ನ ಹೆಸರು ಹಾಕಿ?”

“ನನ್ನ ತಪ್ಪು ಅಂತ ಬರೀತೀನಿ. ನಾನು ತಾನೇ ನೋಡಿಯೂ ನೋಡದ ಕುರುಡಿ.”

“ಅಕ್ಕ, ಅದೊಂದು ಶಾಟಿಗೋಸ್ಕರ ಅವರು ಆರಿಸಿದ್ದು! ಆಯ್ಕೆ ಮಾಡಿದಾಗಿನ ಪತ್ರದಲ್ಲೇ ಬರೆದಿದ್ದರು, ಕೊನೆ ದೃಶ್ಯ ಅದ್ಭುತ ಅಂತ. ಹದಿಮೂರು ವರ್ಷದಲ್ಲಿ ನನ್ನ ಕೆಲಸ ಚೆನ್ನಾಗಿದೆ ಅಂತ ಒಬ್ಬರು ಹೇಳಿದ್ದು ಅದೊಂದೇ ಸಲ.”

ಮಾತಿಗೆ ಮುಂಚೆ ಸಿಡಿಯುವ ನನ್ನನ್ನು ಇಲ್ಲಿ ಬೆಂಕಿಪೊಟ್ಟಣ ಎಂದು ಕರೆಯುತ್ತಾರೆ. ಆಗ ಮಾತ್ರ ನನ್ನಲ್ಲಿ ಒಂದು ಕಡ್ಡಿಯೂ ಗೀರಲಿಲ್ಲ. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಅವನಿಗೆ ಏನು ಹೋಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಗಾಡಿಯಣ್ಣ ಉರುಳಿದ ಸ್ಟೂಲನ್ನು ಎತ್ತುವುದಕ್ಕೂ ಕೈ ಬಾರದೆ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದ.

“ತೆಗೆಯೋದೇ,” ಎಂದೆ. “ಆ ಕತ್ತಲೆ ಓಣಿಯ ಶಾಟ್ ಹಾಕು. ಚೆನ್ನಾಗಿಲ್ಲದಿದ್ದರೆ ಇರಲಿ. ಗಾಡಿಯಣ್ಣ ಹೋಗೋದು ಅದೇ ದಾರಿ.”

“ನಾನು ಹಾಕಲ್ಲ.”

“ಹಾಗಾದರೆ ನಾನು ಹಾಕ್ತೀನಿ. ಸಿನಿಮಾ ಇರೋ ಡಿಸ್ಕ್ ಕೊಡು.”

“ನಿನಗೆ ಬರುತ್ತಾ?”

“ಬರಲ್ಲ. ಕಲೀತೀನಿ. ಫೋನ್ ಹಿಡಿಯೋಕೆ ಬರ್ತಿತ್ತಾ?”

ಅವನು ಚೀಲದಿಂದ ಕಪ್ಪು ಡಿಸ್ಕನ್ನು ತೆಗೆದು ಮಡಿಸುವ ಮೇಜಿನ ಮೇಲಿಟ್ಟ. ಎಸೆಯಲಿಲ್ಲ, ಇಟ್ಟ. “ನನ್ನ ಹೆಸರು ತೆಗೆದುಬಿಡು,” ಎಂದ.

“ಹೆಸರು ತೆಗೆಯಲ್ಲ. ಇಪ್ಪತ್ನಾಲ್ಕು ನಿಮಿಷ ನೀನು ಕತ್ತರಿಸಿದ್ದೇ ಇದೆ.”

ಅವನು ಪ್ರೊಜೆಕ್ಟರಿನ ವೈರು ಕಿತ್ತ. ಗಾಡಿಯಣ್ಣ ತೆರೆಯ ಮೇಲಿಂದ ಮಾಯವಾಗಿ ಬರಿಯ ಹಾಸು ಉಳಿಯಿತು. ಲ್ಯಾಪ್‌ಟಾಪನ್ನು ಕಂಕುಳಿಗೆ ಸಿಕ್ಕಿಸಿ, ಪ್ರೊಜೆಕ್ಟರನ್ನು ತಬ್ಬಿಕೊಂಡು ತಮ್ಮ ಹೊರಟ. ಗಾಡಿಯಣ್ಣ ಅವನ ಹಿಂದೆ ಎರಡು ಹೆಜ್ಜೆ ಹೋಗಿ, “ತಮ್ಮಾ, ಬೇಜಾರು ಮಾಡ್ಕೋಬೇಡ,” ಎಂದ. ಮೆಟ್ಟಿಲ ಮೇಲೆ ಶೂ ಸದ್ದು ಒಂದು ಕ್ಷಣ ನಿಂತು, ಮತ್ತೆ ಏರುತ್ತಾ ಹೋಯಿತು.

“ಹೋಗಿ ಕರಿಯೇ,” ಎಂದಳು ಇಸ್ತ್ರಿಯಕ್ಕ.

“ಬೇಡ. ಬರೋದಾದರೆ ಅವನೇ ಬರಲಿ.”

ಬುಟ್ಟಿಯಿಂದ ನನ್ನ ಫೋನ್ ತೆಗೆದುಕೊಂಡು ಮೇಜಿನ ಮೇಲೆ ಕೂತು ಚಿತ್ರೋತ್ಸವದವರಿಗೆ ಬರೆಯತೊಡಗಿದೆ. ನನ್ನ ಬರವಣಿಗೆ ನಿಧಾನ. ಮಾನ್ಯರೇ, ನಮ್ಮ ಚಿತ್ರದ ಕೊನೆಯ ದೃಶ್ಯದಲ್ಲಿ ತಪ್ಪಿದೆ, ತಪ್ಪು ನನ್ನದು, ಅದನ್ನು ತಿದ್ದುತ್ತಿದ್ದೇನೆ, ಬೇಕಾದರೆ ಇಟ್ಟುಕೊಳ್ಳಿ ಬೇಡವಾದರೆ ಬಿಡಿ. ಅಷ್ಟು ಬರೆದು ಕಳಿಸಲು ಹದಿನೈದು ನಿಮಿಷ ಹಿಡಿಯಿತು. ಉಳಿದವರು ಕಿಟಕಿಯ ಕಂಬಳಿ ಬಿಚ್ಚಿದರು. ನಾಲ್ಕಕ್ಕೆ ಗಂಟೆ ಹೊಡೆದು ಯಂತ್ರಗಳು ಗುಡುಗತೊಡಗಿದವು. ತಮ್ಮ ಬರಲಿಲ್ಲ.