ಒಂಬತ್ತು ಸಾವಿರದ ಮಾಲಿ

ಆಂಜಿನಯ್ಯ ಒಂಬತ್ತು ಸಾವಿರ ಎಂದ ತಕ್ಷಣ ತ್ರಿಪುರಸುಂದರಿಗೆ ಇದರಲ್ಲೇನೋ ಇದೆ ಅನ್ನಿಸಿತು.

ಜಾಸ್ತಿ ಹೇಳಿದ್ದರೆ ಅವಳಿಗೆ ಅನುಮಾನವೇ ಬರುತ್ತಿರಲಿಲ್ಲ. ಜಾಸ್ತಿ ಹೇಳುವವರನ್ನು ಕೆಳಗಿಳಿಸುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ತಂದೆ ಚಂದ್ರಶೇಖರಯ್ಯನವರು ಮಾಮೂಲ್‌ಪೇಟೆಯಲ್ಲಿ ನಲವತ್ತು ವರ್ಷ ಹಗ್ಗ, ಚಾಪೆ, ಗೋಣಿಚೀಲದ ಅಂಗಡಿ ನಡೆಸಿದವರು. ಸ್ಕೂಲು ಬಿಟ್ಟ ಮೇಲೆ ಗಲ್ಲಾದ ಪಕ್ಕದ ಸ್ಟೂಲಿನಲ್ಲಿ ಕೂತು ಅವಳು ದೊಡ್ಡವಳಾದಳು. ಕೇಳುವ ಮುಂಚೆಯೇ ಬೆಲೆ ಇಳಿಸಿದವನು ಬಂದರೆ ಅಪ್ಪ ಕನ್ನಡಕ ಒರೆಸಿಕೊಂಡು ಅವನ ಮೂಟೆಯ ತಳ ಬಿಚ್ಚಿಸಿ ನೋಡುತ್ತಿದ್ದರು.

ಚಾಮರಾಜಪೇಟೆಯ ಅವಳ ಮನೆಯ ಮುಂದೆ ಒಂದಿಷ್ಟು, ಹಿಂದೆ ಒಂದಿಷ್ಟು ಜಾಗವಿತ್ತು. ಗಂಡ ಚಿದಂಬರನಿಗೆ ನಗರ್ತಪೇಟೆಯಲ್ಲಿ ಪಾತ್ರೆಯ ಹೋಲ್‌ಸೇಲ್ ಅಂಗಡಿ. ಭಾನುವಾರ ಬಂತೆಂದರೆ ಗುದ್ದಲಿ ಹಿಡಿದು ಗಿಡಗಳ ನಡುವೆ ಕೂರುತ್ತಿದ್ದವನು ಮಂಡಿಯ ಆಪರೇಷನ್ ಆದಮೇಲೆ ಬಗ್ಗುವ ಹಾಗೇ ಇರಲಿಲ್ಲ. ಎರಡು ವರ್ಷದಲ್ಲಿ ಜಾಗವೆಲ್ಲ ಕಾಡು ಬೆಳೆದಿತ್ತು. ಈಗ ಮಗಳು ಮಾನ್ಯಳ ನಿಶ್ಚಿತಾರ್ಥಕ್ಕೆ ಎರಡು ತಿಂಗಳಿದೆ, ಗಂಡಿನ ಕಡೆಯವರು ಮನೆಗೇ ಬರುತ್ತಾರೆ. ಮಾನ್ಯ ಫೋನಿನಲ್ಲಿ ಹುಡುಕಿ ಒಂದು ಲ್ಯಾಂಡ್‌ಸ್ಕೇಪ್ ಕಂಪನಿಯವರನ್ನು ಕರೆಸಿದ್ದಳು. ಅವರು ಟೇಪು ಹಿಡಿದು ಅಳೆದು, ಹುಲ್ಲುಹಾಸು, ಕಲ್ಲಿನ ಹಾದಿ, ಮಣ್ಣಿನ ಬದಲಾವಣೆ ಎಂದು ಲಿಸ್ಟು ಮಾಡಿ, ಒಂದು ಲಕ್ಷ ಎಂಬತ್ತು ಸಾವಿರ ಅಂದರು. ಬಂದು ನೋಡಿಹೋಗಿದ್ದಕ್ಕೇ ಒಂದೂವರೆ ಸಾವಿರ. ತ್ರಿಪುರಸುಂದರಿ ಆ ಒಂದೂವರೆ ಸಾವಿರ ಕೊಟ್ಟು ಗೇಟು ಹಾಕಿಕೊಂಡಳು.

ಆಮೇಲೆ ಚಿದಂಬರನೇ ಯಾರನ್ನೋ ವಿಚಾರಿಸಿ ಆಂಜಿನಯ್ಯನನ್ನು ಕರೆಸಿದ. ಅರವತ್ತರ ಹತ್ತಿರದ ಸಣಕಲು ಆಳು. ಹಳೆ ಟಿವಿಎಸ್ ಗಾಡಿ, ಸೀಟಿನ ಕೆಳಗೆ ಗುದ್ದಲಿ, ಕತ್ತರಿ, ಹಗ್ಗ. ಸರ್ಕಾರಿ ಪಾರ್ಕಿನಲ್ಲಿ ಇಪ್ಪತ್ತೆಂಟು ವರ್ಷ ಮಾಲಿಯಾಗಿದ್ದು ರಿಟೈರಾದವನು.

"ವಾರಕ್ಕೆರಡು ದಿನ ಬರ್ತೀನಮ್ಮ. ಆರು ವಾರ. ಗೊಬ್ಬರ, ಕೆಂಪು ಮಣ್ಣು ಎಲ್ಲಾ ಸೇರಿ ಒಂಬತ್ತು ಸಾವಿರ ಕೊಡಿ."

"ಮಣ್ಣೂ ಸೇರಿ?"

"ಎಲ್ಲಾ ಸೇರಿ."

ಅವಳು ಬಾಯಲ್ಲಿ "ಆಯ್ತು" ಎಂದಳು. ಹನ್ನೆರಡು ದಿನದ ಕೂಲಿ, ಗೊಬ್ಬರ, ಗಾಡಿಯಲ್ಲಿ ಬರುವ ಮಣ್ಣು, ಪೆಟ್ರೋಲು. ಎಷ್ಟು ಸಲ ಕೂಡಿದರೂ ಒಂಬತ್ತಕ್ಕೆ ಗಿಟ್ಟುವ ಲೆಕ್ಕ ಅದಾಗಿರಲಿಲ್ಲ.

ಮೊದಲನೇ ದಿನ ಅವಳು ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಮುರಿದ ಶೆಡ್ಡಿನ ತಗಡಿಗೆ ಒರಗಿಕೊಂಡು ಆಳೆತ್ತರದ ಮುಳ್ಳುಪೊದೆ ಬೆಳೆದಿತ್ತು. ಹೂವಿಲ್ಲ, ಕಾಯಿಲ್ಲ, ಅರ್ಧ ಒಣಗಿದ ಕಡ್ಡಿಗಳು.

"ಮೊದ್ಲು ಇದನ್ನ ಬೇರುಸಮೇತ ಕಿತ್ತು ಬಿಸಾಕಿ. ಹಾವುಗೀವು ಸೇರ್ಕೊಂಡಿದ್ದೀತು."

ಆಂಜಿನಯ್ಯ ಪೊದೆಯ ಮುಂದೆ ಕೂತು ಒಂದು ಎಲೆ ಕಿತ್ತು ಬೆರಳಲ್ಲಿ ಉಜ್ಜಿದ. ಬಾಗಿಲ ಬಳಿ ಕೋಲು ಹಿಡಿದು ನಿಂತಿದ್ದ ಚಿದಂಬರನ ಕಡೆ ಒಮ್ಮೆ ನೋಡಿದ. "ಆಯ್ತಮ್ಮ, ಮಾಡಣ" ಎಂದ.

ಮಾಡಲಿಲ್ಲ. ಮುಂದಿನ ಜಾಗವನ್ನು ಅಗೆದ, ಕಳೆ ಕಿತ್ತ, ದಾಸವಾಳವನ್ನು ಸವರಿದ, ಕಣಗಿಲೆಯನ್ನು ಕಾಂಪೌಂಡಿನ ಪಕ್ಕಕ್ಕೆ ಸರಿಸಿದ. ಕೆಲಸದಲ್ಲಿ ಒಂದು ಮಾತು ಹೇಳುವ ಹಾಗಿರಲಿಲ್ಲ. ಮುಳ್ಳುಪೊದೆಯ ಮಾತೆತ್ತಿದರೆ ಮಾತ್ರ ಒಂದೊಂದು ದಿನ ಒಂದೊಂದು ಕಾರಣ. "ಬೇರು ಗೋಡೆ ಒಳಗೋಗ್ಬಿಟ್ಟದೆ ಅಮ್ಮ, ಈಗ ಕಿತ್ರೆ ಕಾಂಪೌಂಡು ಬಿರುಕು ಬಿಡ್ತದೆ." ಇನ್ನೊಂದು ದಿನ, "ಸ್ವಲ್ಪ ಸ್ವಲ್ಪನೇ ಸವರ್ತಾ ಬಂದು ಆಮೇಲೆ ತೆಗೀಬೇಕು." ಸವರುವುದೇನೋ ಸವರುತ್ತಿದ್ದ. ಸಂಜೆ ಹೊರಡುವಾಗ ಗಾಡಿಯ ಮುಂದೆ ಒದ್ದೆ ಗೋಣಿ ಸುತ್ತಿದ ಒಂದು ಚೀಲ ಇರುತ್ತಿತ್ತು.

"ಅದೇನು?"

"ಕಸ ಅಮ್ಮ."

ಕಸಕ್ಕೆ ನೀರು ಚಿಮುಕಿಸಿ ಗೋಣಿ ಹೊದಿಸುವವರನ್ನು ಅವಳು ಅಲ್ಲಿವರೆಗೆ ಕಂಡಿರಲಿಲ್ಲ.

ಮೂರನೇ ವಾರ, ಅವನು ಮುಂದಿನ ಕಟ್ಟೆಯ ಮೇಲೆ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ, ಅವಳು ಹಿತ್ತಲಿಗೆ ಹೋಗಿ ಚೀಲದ ಬಾಯಿ ಬಿಚ್ಚಿದಳು. ಒಳಗೆ ಕಡ್ಡಿಗಳು. ಎಲ್ಲ ಒಂದು ಗೇಣಿನವು, ಎಲ್ಲವನ್ನೂ ತುದಿಯಲ್ಲಿ ಓರೆಯಾಗಿ ಕತ್ತರಿಸಿ ಹತ್ತತ್ತರ ಕಟ್ಟು ಮಾಡಿ ದಾರ ಸುತ್ತಿತ್ತು. ಅವಳು ಚೀಲವನ್ನು ಇದ್ದಂತೆಯೇ ಮುಚ್ಚಿದಳು. ಕೈಗೆ ಮುಳ್ಳು ಚುಚ್ಚಿ ರಕ್ತ ಬಂದಿತ್ತು.

ಅದೇ ಸಂಜೆ ಪಕ್ಕದ ಮನೆಯ ರಂಗನಾಯಕಿ ಕಾಂಪೌಂಡಿನ ಆಚೆಯಿಂದ ಕರೆದಳು.

"ನಿಮ್ಮ ಮಾಲಿ ಹಿತ್ತಲಿನ ಫೋಟೊ ತೆಗೀತಿದ್ದ ಕಣ್ರೀ. ನಾಲ್ಕೂ ಕಡೆಯಿಂದ. ನಾನು ಬಟ್ಟೆ ಹಾಕೋಕೆ ಟೆರೇಸಿಗೆ ಹೋಗಿದ್ದೆ, ನೋಡ್ದೆ."

"ಫೋಟೊನಾ?"

"ಮೂರನೇ ಮನೆಯೋರ ಕಥೆ ಗೊತ್ತಲ್ವಾ? ಮೊದ್ಲು ಕೊಳಾಯಿ ರಿಪೇರಿ ಅಂತ ಒಬ್ಬ ಬಂದ, ಆಮೇಲೆ ಬ್ರೋಕರ್ ಬಂದ, ಆಮೇಲೆ ಬಿಲ್ಡರ್. ಈಗ ನಾಲ್ಕು ಫ್ಲೋರ್ ಎದ್ದಿದೆ. ಸೈಟಿನ ಅಳತೆ ಎಲ್ಲಾ ಮುಂಚೇನೇ ಗೊತ್ತಿತ್ತಂತೆ ಅವ್ರಿಗೆ."

ಅಂದಿನಿಂದ ತ್ರಿಪುರಸುಂದರಿಯ ನೆಮ್ಮದಿ ಹೋಯಿತು. ಆಂಜಿನಯ್ಯ ಹೆಜ್ಜೆ ಹಾಕಿದರೆ ಅಳೆಯುತ್ತಿದ್ದಾನೆ ಅನ್ನಿಸುತ್ತಿತ್ತು, ಫೋನಿನಲ್ಲಿ ಮಾತಾಡಿದರೆ ಸುದ್ದಿ ಮುಟ್ಟಿಸುತ್ತಿದ್ದಾನೆ ಅನ್ನಿಸುತ್ತಿತ್ತು. ಇನ್ನೂ ಒಂದನ್ನು ಅವಳು ಗಮನಿಸಿದಳು. ಅವನು ಬಂದ ದಿನ ಚಿದಂಬರ ಅಂಗಡಿಗೆ ತಡವಾಗಿ ಹೋಗುತ್ತಿದ್ದ. ಹಿತ್ತಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಇಬ್ಬರೂ ಏನೋ ಮಾತಾಡುತ್ತಿರುತ್ತಿದ್ದರು, ಇವಳು ಕಾಫಿ ತಂದರೆ ಮಾತು ನಿಂತುಬಿಡುತ್ತಿತ್ತು.

"ರೀ, ಅವ್ನು ದಿನಾ ಏನೋ ಸಾಗಿಸ್ತಿದಾನೆ."

"ಕಡ್ಡಿ ತಾನೇ, ಬಿಡು ಸುಂದರಿ."

ಕಡ್ಡಿ ಎಂದು ಅವಳು ಹೇಳಿಯೇ ಇರಲಿಲ್ಲ.

ಆ ರಾತ್ರಿ ಅವಳಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಮನೆ ಚಿದಂಬರನ ಹೆಸರಿನಲ್ಲಿತ್ತು. ಮಂಡಿನೋವಿನವನಿಗೆ ಮೆಟ್ಟಿಲು ಕಷ್ಟ, ಅಂಗಡಿ ವ್ಯಾಪಾರ ಮೊದಲಿನಂತಿಲ್ಲ, ಮಗಳ ಮದುವೆಯ ಖರ್ಚು ಬೇರೆ. ಯಾರೋ ಒಳ್ಳೆ ಮೊತ್ತ ಹೇಳಿದ್ದರೆ? ತನಗೆ ಹೇಳದೆ ಒಪ್ಪಿಬಿಟ್ಟಿದ್ದರೆ?

ಐದನೇ ವಾರದ ಗುರುವಾರ ಆಂಜಿನಯ್ಯ ಸಂಜೆ ನಾಲ್ಕೂವರೆಗೆ ಚೀಲ ಕಟ್ಟಿಕೊಂಡು ಹೊರಟ. ಟೈಲರ್ ಹತ್ತಿರ ಹೋಗಿಬರುತ್ತೇನೆಂದು ಮಗಳಿಗೆ ಹೇಳಿ ಅವಳೂ ಹೊರಟಳು. ಮೂಲೆಯಲ್ಲಿ ಆಟೊ ನಿಂತಿತ್ತು.

"ಆ ಟಿವಿಎಸ್ ಹಿಂದೆ ಹೋಗಿ."

ಡ್ರೈವರ್ ಕನ್ನಡಿಯಲ್ಲಿ ಅವಳನ್ನು ನೋಡಿದ. "ಯಾರಮ್ಮ ಅವ್ರು?"

"ನಮ್ಮ ಮಾಲಿ."

"ಮಾಲಿ ಹಿಂದೆ ಯಾಕಮ್ಮ?"

"ನೀವು ಗಾಡಿ ಬಿಡ್ರಿ."

ಗಾಡಿ ಬ್ರೋಕರ್ ಆಫೀಸಿನ ಮುಂದೆ ನಿಲ್ಲುತ್ತದೆ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು. ಅದು ಬಿನ್ನಿಪೇಟೆಯ ಒಂದು ಗಲ್ಲಿಗೆ ತಿರುಗಿ, ಸಾಲುಮನೆಗಳಲ್ಲಿ ಕೊನೆಯದರ ಮುಂದೆ ನಿಂತಿತು. ಆಂಜಿನಯ್ಯ ಚೀಲ ಇಳಿಸಿ, ಒಳಗಿನವರಿಗೆ ಏನೋ ಕೂಗಿ ಹೇಳಿ, ಮತ್ತೆ ಗಾಡಿ ಹತ್ತಿ ಇನ್ನೊಂದು ಕಡೆಯಿಂದ ಹೊರಟುಹೋದ. ಅವಳು ಆಟೊ ಇಳಿದು ದುಡ್ಡು ಕೊಟ್ಟಳು.

ಬಾಗಿಲ ಮೇಲೆ ಬುದ್ಧನ ಪಟ. ಗೋಡೆಯುದ್ದಕ್ಕೂ ಎಣ್ಣೆ ಡಬ್ಬ, ಪೇಂಟ್ ಬಕೆಟ್, ಮಣ್ಣು ತುಂಬಿದ ಹಾಲಿನ ಪ್ಯಾಕೆಟ್. ಒಂದೊಂದರಲ್ಲೂ ಒಂದು ಗೇಣಿನ ಕಡ್ಡಿ, ಕಡ್ಡಿಗೆ ಕೆಂಪು ಚಿಗುರು. ಅರವತ್ತೋ ಎಪ್ಪತ್ತೋ ಇದ್ದವು. ಆಂಜಿನಯ್ಯನ ಹೆಂಡತಿ ಸಿದ್ದಮ್ಮ ತಂಬಿಗೆಯಲ್ಲಿ ನೀರು ಹನಿಸುತ್ತಿದ್ದಳು.

"ಗಿಡ ಬೇಕಿತ್ತಾಮ್ಮ? ಬನ್ನಿ."

"ಇದು ಯಾವ್ದು?"

"ಪನ್ನೀರು ಗುಲಾಬಿ. ನಾಟಿದು. ನರ್ಸರೀಲಿ ಪನ್ನೀರು ಅಂತ ಕೊಡೋದ್ರಲ್ಲಿ ವಾಸ್ನೇನೇ ಇರಲ್ಲಮ್ಮ. ಇದು ಒಂದು ಹೂ ಬಿಟ್ರೆ ಮನೆಯೆಲ್ಲಾ ಗಮ್ಮಂತದೆ. ಇನ್ನೂರೈವತ್ತು."

"ಎಲ್ಲಿಂದ ತಂದ್ರಿ?"

"ಚಾಮರಾಜಪೇಟೆ ಮನೆ ಒಂದ್ರಿಂದ. ನಮ್ಮನೆಯೋರು ಅಲ್ಲಿ ತೋಟದ ಕೆಲ್ಸ ಮಾಡ್ತಾವ್ರೆ."

ತ್ರಿಪುರಸುಂದರಿಗೆ ತಡೆಯಲಾಗಲಿಲ್ಲ. "ಮನೆಯವ್ರಿಗೆ ಹೇಳ್ದೆ ತಂದಿದ್ದಾ?"

ಸಿದ್ದಮ್ಮ ತಂಬಿಗೆ ಕೆಳಗಿಟ್ಟಳು. ಮುಖದ ನಗು ಹೋಗಿತ್ತು.

"ಯಾಕಮ್ಮ ಹಂಗಂತೀರ? ಆ ಮನೆ ಯಜಮಾನ್ರೇ ಕೊಟ್ಟಿದ್ದು. ಕೆಲ್ಸಕ್ಕೆ ಹದಿನೆಂಟು ಸಾವಿರ ಆಯ್ತದೆ ಅಂತ ಇವ್ರು ಹೇಳವ್ರೆ. ಅಷ್ಟಂದ್ರೆ ಮನೆಯೋಳು ಒಪ್ಪಲ್ಲ, ಒಂಬತ್ತು ಅಂತ ಹೇಳು, ಮಿಕ್ಕಿದ್ದಕ್ಕೆ ಗುಲಾಬಿ ಕಡ್ಡಿ ತಗೋ ಅಂದ್ರಂತೆ. ಕದಿಯೋ ಜನ ಅಲ್ಲಮ್ಮ ನಾವು."

ಮಾತು ತಿರುಗಿಸಲು ತ್ರಿಪುರಸುಂದರಿ ಬಾಗಿಲ ಪಕ್ಕ ಬೇರೆಯಾಗಿ ಇಟ್ಟಿದ್ದ ಎರಡು ಮಣ್ಣಿನ ಕುಂಡ ತೋರಿಸಿ, "ಇವು ಎಷ್ಟು?" ಎಂದಳು. ಆ ಎರಡು ಗಿಡ ಉಳಿದವುಗಳಿಗಿಂತ ಹುಲುಸಾಗಿದ್ದವು.

"ಅವು ಮಾರಕ್ಕಲ್ಲ. ಆ ಯಜಮಾನ್ರಿಗೇ ಅಂತ ಎತ್ತಿಟ್ಟಿರೋದು. ಅವ್ರ ತಾಯಿ ನೆಟ್ಟಿದ್ದ ಗಿಡ ಅಂತೆ. ಮನೆಯಮ್ಮ ಇವತ್ತಲ್ಲ ನಾಳೆ ಕೀಳಿಸ್ತಾರೆ, ಇವೆರಡಾದ್ರೂ ಜೀವ ಹಿಡ್ಕೊಂಡಿರ್ಲಿ ಅಂದ್ರಂತೆ. ಎಂಥ ಮನೆಯೋ ಏನೋ, ಪಾಪ."

ಇನ್ನೊಮ್ಮೆ ಬರುತ್ತೇನೆ ಎಂದು ತ್ರಿಪುರಸುಂದರಿ ಗಲ್ಲಿಯಿಂದ ಹೊರಬಂದಳು. ಆಟೊಗಳು ಕೇಳಿಕೊಂಡು ಪಕ್ಕಕ್ಕೆ ಬಂದರೂ ಹತ್ತಲಿಲ್ಲ, ನಡೆದೇ ಹೊರಟಳು.

ಅತ್ತೆ ಸುಂದರಮ್ಮ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಕೊನೆಯ ಆರು ವರ್ಷ ಅತ್ತೆ ಸೊಸೆ ಮಾತು ಬಿಟ್ಟಿದ್ದರು. ಒಂದೇ ಮನೆಯಲ್ಲಿ ಎರಡು ಒಲೆ. ಜಗಳ ಹುಟ್ಟಿದ್ದು ಯಾರದೋ ಮದುವೆಗೆ ಕೊಟ್ಟ ಸೀರೆಯ ವಿಷಯಕ್ಕೆ, ಅದೂ ಈಗ ಪೂರ್ತಿ ನೆನಪಿಲ್ಲ. ಹಿತ್ತಲು ಮೊದಲಿಂದಲೂ ಅತ್ತೆಯದೇ ಆಗಿತ್ತು, ಜಗಳದ ಮೇಲೆ ಅತ್ತೆ ಹಿತ್ತಲ ಕಡೆಯ ಕೋಣೆಯಲ್ಲಿ ಇದ್ದುದರಿಂದ ಇವಳು ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದಳು. ಅಲ್ಲಿ ಏನು ನೆಟ್ಟಿದ್ದರೋ, ಏನು ಹೂ ಬಿಡುತ್ತಿತ್ತೋ ಅವಳು ಎಂದೂ ಲಕ್ಷ್ಯ ಕೊಟ್ಟು ನೋಡಿರಲಿಲ್ಲ. ಅವರು ಹೋದ ಮೇಲೆ ಚಿದಂಬರ ಮನೆಯಲ್ಲಿ ಒಂದು ದಿನವೂ ತಾಯಿಯ ಮಾತೆತ್ತಲಿಲ್ಲ. ಅವರ ಫೋಟೊವನ್ನು ಸಹ ಅಂಗಡಿಯಲ್ಲೇ ಹಾಕಿಕೊಂಡಿದ್ದ. ಅದನ್ನು ಅವಳು ಒಳ್ಳೆಯತನ ಎಂದುಕೊಂಡಿದ್ದಳು. ಈಗ ನೋಡಿದರೆ ಮೂವತ್ತೊಂದು ವರ್ಷ ಜೊತೆಗಿದ್ದ ಗಂಡ, ಹೆಂಡತಿಗೆ ಹೆದರಿ, ಐದು ವಾರದ ಹಿಂದೆ ಬಂದ ಮಾಲಿಯ ಜೊತೆ ಒಳಗೊಳಗೇ ಒಪ್ಪಂದ ಮಾಡಿಕೊಂಡಿದ್ದ.

ಮನೆಗೆ ಬಂದಾಗ ಚಿದಂಬರ ಅಂಗಡಿಯಿಂದ ಬಂದು ಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡಿದ್ದ.

"ಅದು ನಿಮ್ಮಮ್ಮ ನೆಟ್ಟಿದ್ದು ಅಂತ ಯಾಕೆ ಹೇಳ್ಲಿಲ್ಲ?"

ಯಾವುದು ಎಂದು ಅವನು ಕೇಳಲಿಲ್ಲ. "ಯಾರು ಹೇಳಿದ್ರು?"

"ಯಾರೋ. ಬಿನ್ನಿಪೇಟೇಲಿ."

"ಅಲ್ಲಿವರೆಗೂ ಹೋಗಿದ್ಯಾ?" ಅವನು ಬಿಸಿನೀರಿನ ಚೀಲವನ್ನು ಪಕ್ಕಕ್ಕೆ ಸರಿಸಿದ. "ಹೇಳಿದ್ರೆ ಏನ್ಮಾಡ್ತಿದ್ದೆ?"

"ಬಿಡ್ತಿದ್ದೆ."

"ಈಗ ಹಂಗಂತೀಯ."

ಅವಳಿಗೆ ಸಿಟ್ಟು ಬಂತು. ಉತ್ತರ ಕೊಡಲು ಬಾಯಿ ತೆರೆದಳು. ಬಿಡುತ್ತಿದ್ದೆನೆ? ಅತ್ತೆಯದು ಎಂದು ತಿಳಿದಿದ್ದರೆ ಅದೇ ದಿನವೇ ಕೀಳಿಸುತ್ತಿದ್ದೆನೇನೋ ಎಂದು ಅವಳಿಗೇ ಅನ್ನಿಸಿತು. ಒಳಗೆ ಹೋಗಿ ಅಡುಗೆಗೆ ಇಟ್ಟಳು.

ಸೋಮವಾರ ಆಂಜಿನಯ್ಯ ಬಂದ. ಅವಳು ಒಂಬತ್ತು ಸಾವಿರದ ಜೊತೆಗೆ ಇನ್ನೊಂದು ಒಂಬತ್ತು ಸಾವಿರ ಕವರಿನಲ್ಲಿಟ್ಟು ಕೊಡಲು ಹೋದಳು. ಅವನು ಚಪ್ಪಲಿ ಬಿಡುತ್ತಾ ನಿಂತಲ್ಲೇ ನಿಂತ.

"ಗುರುವಾರ ಮನೆಗೆ ಬಂದಿದ್ದು ನೀವೇ ಅಲ್ವಾಮ್ಮ? ನಮ್ಮೋಳು ಹೇಳಿದ್ಳು. ಹಸಿರು ರೇಷ್ಮೆ ಅಂಚಿನ ಸೀರೆ, ಎರಡು ಮೂಗುಬೊಟ್ಟು."

ಅವಳು ಹೌದೆಂದಳು.

"ನನ್ನನ್ನೇ ಕೇಳಿದ್ರೆ ಹೇಳ್ತಿದ್ನಲ್ಲಮ್ಮ."

"ಕೇಳ್ದೆ. ಕಸ ಅಂದ್ರಿ."

ಅವನು ತಲೆ ತಗ್ಗಿಸಿದ. "ಅದು ನನ್ನ ತಪ್ಪೇ. ಯಜಮಾನ್ರಿಗೆ ಮಾತು ಕೊಟ್ಟಿದ್ದೆ."

"ಫೋಟೊ ಯಾಕೆ ತೆಗೆದ್ರಿ?"

"ಎಲ್ಲಿ ಬಿಸ್ಲು ಬೀಳ್ತದೆ, ಯಾವ ಗಿಡ ಎಲ್ಲಿ ಇಡ್ಬೇಕು ಅಂತ ನಮ್ಮ ಹುಡುಗಿ ವಿಶಾಖಾಗೆ ತೋರಿಸಕ್ಕೆ. ಅವ್ಳು ತೋಟಗಾರಿಕೇನೇ ಓದ್ತಾವ್ಳೆ." ಜೇಬಿನಿಂದ ಫೋನ್ ತೆಗೆದು ಅವಳ ಕೈಗೇ ಕೊಟ್ಟ. "ನೋಡ್ಕೊಳ್ಳಿ."

ಅವಳು ನೋಡಲಿಲ್ಲ, ಹಿಂದಕ್ಕೆ ಕೊಟ್ಟಳು. ಕವರನ್ನು ಮುಂದೆ ಚಾಚಿದಳು. ಅವನು ಒಂಬತ್ತು ಸಾವಿರವನ್ನಷ್ಟೇ ಎಣಿಸಿ ತೆಗೆದುಕೊಂಡು ಮಿಕ್ಕಿದ್ದನ್ನು ಕಟ್ಟೆಯ ಮೇಲಿಟ್ಟ.

"ಅದು ಗಿಡದಲ್ಲಿ ಬಂತಮ್ಮ. ಎರಡು ಸಲ ತಗೊಳ್ಳಲ್ಲ. ನಮ್ಮೋಳನ್ನ ಕದ್ದಿದ್ದಾ ಅಂತ ಕೇಳ್ದೆ ಇದ್ರೆ ಆಗಿತ್ತು."

ಆರನೇ ವಾರವನ್ನು ಅವನು ಪೂರ್ತಿ ಮಾಡಿದ. ಗುಲಾಬಿಯ ಬುಡ ಬಿಡಿಸಿ, ಹಳೆ ತಗಡು ತೆಗೆದು, ಬಿಸಿಲು ಬೀಳುವಂತೆ ಮಾಡಿದ. ನಿಶ್ಚಿತಾರ್ಥಕ್ಕೆ ಬಂದವರೆಲ್ಲ ತೋಟವನ್ನು ಹೊಗಳಿದರು, ಎಷ್ಟಾಯಿತು ಎಂದು ವಿಚಾರಿಸಿದರು. ತ್ರಿಪುರಸುಂದರಿ ಹದಿನೆಂಟು ಎಂದಳು. ತಿಂಗಳಿಗೊಮ್ಮೆ ಬಂದು ನೋಡಿಹೋಗಿ ಎಂದು ಅವಳು ಎರಡು ಸಲ ಫೋನ್ ಮಾಡಿದಳು. ಆಂಜಿನಯ್ಯ "ನೋಡಣ ಅಮ್ಮ" ಎಂದ, ಬರಲಿಲ್ಲ. ಬೇರೆಯವನು ಸಿಕ್ಕಿದ. ಒಂದು ಸಲಕ್ಕೆ ಸಾವಿರದ ಇನ್ನೂರು ತೆಗೆದುಕೊಂಡು ನೀರು ಮಾತ್ರ ಹಾಕಿ ಹೋಗುತ್ತಾನೆ.

ಒಂದು ಭಾನುವಾರ ಬೆಳಿಗ್ಗೆ ಚಿದಂಬರ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಅವಳು ಕಾಫಿ ತಂದು ಕೊಟ್ಟು, ಒಳಗೆ ಹೋಗದೆ ಒಗೆಯುವ ಕಲ್ಲಿನ ಮೇಲೆ ಕೂತಳು.

"ನಿಮ್ಮಮ್ಮ ಇದನ್ನ ಯಾವಾಗ ನೆಟ್ಟಿದ್ದು?"

"ಯಾಕೆ ಕೇಳ್ತಿದೀಯ?"

"ಸುಮ್ನೆ."

ಅವನು ಲೋಟವನ್ನು ಎರಡು ಕೈಯಲ್ಲಿ ಹಿಡಿದು ಅವಳನ್ನು ನೋಡಿದ. ಗೊತ್ತಿಲ್ಲದ ಗಿರಾಕಿ ಸಾಲ ಕೇಳಿದಾಗ ಅವನು ಅಂಗಡಿಯಲ್ಲಿ ನೋಡುವ ನೋಟ ಅದು. ಅವಳು ಕಣ್ಣು ಸರಿಸದೆ ಕಾದಳು. ಅವನು ಕಾಫಿ ಕುಡಿದು ಮುಗಿಸಿದ. ಆಮೇಲೆ ಲೋಟ ಕೆಳಗಿಟ್ಟು, "ನಾನು ಎಸ್ಸೆಸ್ಸೆಲ್ಸಿ ಫೇಲಾದ ವರ್ಷ" ಎಂದು ಶುರುಮಾಡಿದ.