ನಿದ್ದೆ ತರದ ಮಾತ್ರೆ

"ಸೀನು ನಿಂತಿಲ್ಲ ಅಂದ್ರೆ ಇನ್ನೊಂದು ನುಂಗೇ," ಎಂದು ಪಾಪಕ್ಕ ಸೊಸೆಯ ಮುಖದ ಮುಂದೆ ಅಂಗೈ ಒಡ್ಡಿದಳು. ಅಂಗೈಯಲ್ಲಿ ಬಿಳಿ ಮಾತ್ರೆಯಿತ್ತು.

ಶಶಿರೇಖಾ ಉಣ್ಣೆ ಹಿಂಜುತ್ತಲೇ ಇದ್ದಳು. ದೊಡ್ಡಉಳ್ಳಾರ್ತಿಯ ಈ ಕಂಬಳಿ ನೇಯುವ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳ ಮೂಗು ಸೋರುವುದು ನಿಂತಿರಲಿಲ್ಲ. ಮೊದಲು ನುಂಗುತ್ತಿದ್ದ ಹಳದಿ ಮಾತ್ರೆಗೆ ಕೂತಲ್ಲೇ ತೂಕಡಿಕೆ. ಮೈಗಳ್ಳಿ ಗಂಟುಬಿದ್ದಳು ಎಂದು ಪಾಪಕ್ಕ ಊರೆಲ್ಲ ಡಂಗುರ ಸಾರಿದ್ದಳು. ಹೋದ ವಾರ ಚಳ್ಳಕೆರೆಯ ಡಾಕ್ಟರು ಮಾತ್ರೆ ಬದಲಿಸಿದ್ದರು. ಇದು ನಿದ್ದೆ ತರುವುದಿಲ್ಲ, ಆದರೆ ದಿನಕ್ಕೆ ಒಂದೇ, ಬೇರೆ ಮಾತ್ರೆ ಜೊತೆ ನನ್ನನ್ನು ಕೇಳದೆ ನುಂಗಬೇಡ ಎಂದಿದ್ದರು. ಜೊತೆಗಿದ್ದ ಪಾಪಕ್ಕನ ಕಿವಿಗೆ ಬಿದ್ದದ್ದು ಮೊದಲ ಮಾತಷ್ಟೇ. ಅವಳ ಲೆಕ್ಕದಲ್ಲಿ ಮಾತ್ರೆಯಿಂದ ಆಗುವ ಕೇಡೆಂದರೆ ನಿದ್ದೆ. ನಿದ್ದೆಯೇ ಬರದ ಮೇಲೆ ಎಷ್ಟು ನುಂಗಿದರೇನು? ಸ್ಟ್ರಿಪ್ಪನ್ನು ಅವಳೇ ತನ್ನ ಎಲೆಅಡಿಕೆ ಚೀಲಕ್ಕೆ ಸೇರಿಸಿಕೊಂಡಿದ್ದಳು.

"ಬೆಳಿಗ್ಗೇನೇ ತಗಂಡೀನಿ ಅತ್ತೆ. ದಿನಕ್ಕೊಂದೇ ಅಂದವ್ರೆ."

"ಸಂತೆಗೆ ಕಂಬ್ಳಿ ಹೋಗ್ಬೇಕು. ನಿನ್ನ ಸೀನು ಕಾಯ್ಕಂಡು ಕುಂತ್ಕಳ್ಳಾ?"

"ಜಾಸ್ತಿ ಆದ್ರೆ ಎದೆಗೆ ತೊಂದ್ರೆ ಅಂತೆ. ಸಾಯಾಕೆ ನುಂಗ್ಲಾ?"

"ಸಾಯ್ತಾಳಂತೆ! ನೋಡ್ಕ ಇಲ್ಲಿ." ಪಾಪಕ್ಕ ಅಂಗೈಯ ಮಾತ್ರೆಯನ್ನು ತನ್ನ ಬಾಯಿಗೇ ಎಸೆದುಕೊಂಡಳು. ಅಷ್ಟಕ್ಕೆ ಹಟ ತೀರಲಿಲ್ಲ. ಸ್ಟ್ರಿಪ್ಪಿನಿಂದ ಇನ್ನೂ ಮೂರು ಕಿತ್ತು ಬಾಯಿಗೆ ಹಾಕಿ, ಚೊಂಬು ಎತ್ತಿ ಗಟಗಟ ಕುಡಿದಳು. "ಸತ್ನಾ ನಾನು? ಕಣ್ಣಾದ್ರೂ ಮುಚ್ಚಿದ್ನಾ? ನಾಟ್ಕದೋಳೇ!"

ಶಶಿರೇಖಾಳಿಗೆ ಮೈಯೆಲ್ಲ ಉರಿಯಿತು. ಕೈ ಹಿಡಿದು ತಡೆಯಬಹುದಿತ್ತು. ನುಂಗಲಿ, ಎಂದುಕೊಂಡಳು.

ಮಧ್ಯಾಹ್ನ ಕಂಬಳಿಗೆ ಬಳಿಯುವ ಹುಣಸೆಬೀಜದ ಗಂಜಿ ತಿರುವುತ್ತಿದ್ದ ಪಾಪಕ್ಕ ಸೌಟು ಬಿಟ್ಟು ಗೋಡೆಗೆ ಒರಗಿದಳು. ಮುಖ ಬಿಳಿಚಿ ಹೋಗಿತ್ತು. "ಎದೆ... ಎದೆ ಹಾರ್ತೈತೆ," ಎಂದವಳೇ ಕುಸಿದಳು. ಸೊಸೆ ಕೂಗಿದ್ದಕ್ಕೆ ಮಗ ಚಿಕ್ಕೀರಪ್ಪ ಮಗ್ಗದ ಗುಣಿಯಿಂದ ಎದ್ದು ಓಡಿ ಬಂದ. ಶೇಂಗಾ ಚೀಲದ ಟೆಂಪೋ ಸಿಕ್ಕಿದ್ದು ಪುಣ್ಯ.

ಚಳ್ಳಕೆರೆಯಲ್ಲಿ ಅದೇ ಡಾಕ್ಟರು ನಾಡಿ ಹಿಡಿದು, ಎದೆಗೆ ವೈರು ಅಂಟಿಸಿ, ಹುಬ್ಬು ಗಂಟಿಕ್ಕಿದರು. "ಏನು ತಗೊಂಡಿದ್ದಾರೆ?"

ಪಾಪಕ್ಕ ಕಣ್ಣು ತೆರೆಯದೆ ಹೇಳಿದಳು: "ಇವ್ಳೇ... ಇವ್ಳೇ ಏನೋ ನುಂಗ್ಸಿದ್ಲು."

ಚಿಕ್ಕೀರಪ್ಪ ಹೆಂಡತಿಯತ್ತ ತಿರುಗಿದ. ಅತ್ತೆ ಸೊಸೆಯ ಬೈದಾಟ ಕೇಳದ ಕಿವಿ ಅವರ ಕೇರಿಯಲ್ಲಿ ಒಂದೂ ಇರಲಿಲ್ಲ. ನನಗೇನೂ ಗೊತ್ತಿಲ್ಲ ಎಂದುಬಿಟ್ಟರೆ ಶಶಿರೇಖಾಳ ತಲೆ ಉಳಿದೀತು, ಮುದುಕಿಯ ಜೀವ ಉಳಿಯುತ್ತದೋ ಇಲ್ಲವೋ.

"ನೀವು ನಂಗೆ ಕೊಟ್ಟ ಮಾತ್ರೆನೇ ಸಾರ್. ನಾಕು," ಎಂದಳು. "ಬೆನ್ನಾಗಿನ ಹುಳುಕಡ್ಡಿಗೆ ಬೇರೆ ಮಾತ್ರೆನೂ ತಗಂತಾರೆ. ಇವತ್ತೂ ತಗಂಡವ್ರೆ." ಆ ಬೆನ್ನಿನ ತುರಿಕೆಗೆ ದಿನಾ ಮುಲಾಮು ತಿಕ್ಕುವವಳು ಅವಳೇ.

"ಎರಡೂ ಸೇರಲೇಬಾರದು. ಎದೆಬಡಿತವೇ ತಾಳ ತಪ್ಪುತ್ತೆ," ಎಂದು ಡಾಕ್ಟರು ನರ್ಸನ್ನು ಕೂಗಿದರು. "ಹೇಳಿದ್ದು ಒಳ್ಳೇದಾಯ್ತಮ್ಮ."

ಅದು ಚಿಕ್ಕೀರಪ್ಪನಿಗೆ ಕೇಳಿಸಲಿಲ್ಲ. "ನಾಕು ಅಂತ ನಿಂಗೆಂಗೆ ಗೊತ್ತು?"

"ಅವ್ರೇ ಹಟಕ್ಕೆ ನುಂಗಿದ್ರು. ನಾನು ಎದುರಿಗೇ ಇದ್ದೆ."

"ಎದುರಿಗೇ ಇದ್ದು ನೋಡ್ತಾ ಕುಂತಿದ್ದಾ?"

ಶಶಿರೇಖಾ ಬಾಗಿಲಾಚೆ ಸರಿದು ನಿಂತಳು. ಅತ್ತೆ ಹೊರಿಸಿದ್ದು ಸುಳ್ಳು. ಗಂಡ ಕೇಳಿದ್ದು ಸುಳ್ಳಾಗಿರಲಿಲ್ಲ.

ಹೊತ್ತು ಮುಳುಗುವ ವೇಳೆಗೆ ಒಳಗಿನಿಂದ ಪಾಪಕ್ಕನ ದನಿ ಕೇಳಿತು. "ಅವ್ಳು ಹೊರಗೇ ಇರ್ಲಿ. ನನ್ನ ತಾವ ಬಿಡಬ್ಯಾಡ ಅವ್ಳನ್ನ!"

ದನಿಯಲ್ಲಿ ಹಳೆಯ ಕಸುವಿತ್ತು. ಬದುಕಿಕೊಂಡಳು ಮುದುಕಿ. ಬಾಗಿಲಲ್ಲಿ ನಿಂತಿದ್ದ ಶಶಿರೇಖಾಳಿಗೆ ಹೋದ ಉಸಿರು ಬಂದಂತಾಯಿತು, ಅದರ ಹಿಂದೆಯೇ ಸಿಟ್ಟೂ ಉಕ್ಕಿತು. ಒಳಗೆ ಹೋಗಲು ಹೆಜ್ಜೆ ಎತ್ತಿದಳು.

ಚಿಕ್ಕೀರಪ್ಪ ಎದ್ದು ಬಂದು, ಅವಳ ಮುಖ ನೋಡದೆ, ಹಸಿರು ಪರದೆಯನ್ನು ಗೋಡೆಯವರೆಗೆ ಎಳೆದ. ಪರದೆಯ ಕೆಳಗೆ ಅವನ ಪಾದಗಳು ಸ್ವಲ್ಪ ಹೊತ್ತು ಕಂಡವು. ಆಮೇಲೆ ಮಂಚದ ಕಡೆ ತಿರುಗಿದವು.